ಒಂದೇ ನಂಬರ್, 14 ಮನೆ

ಎಕ್ಸೆಲ್‌ನ ಡೇಟಾ ಟ್ಯಾಬಿನಲ್ಲಿ ‘ರಿಮೂವ್ ಡೂಪ್ಲಿಕೇಟ್ಸ್’ ಅಂತ ಒಂದು ಬಟನ್ ಇದೆ. ಒತ್ತಿದರೆ ಮೊದಲ ಸಾಲು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಹಾರಿಸಿಬಿಡುತ್ತದೆ. ಇಷ್ಟು ಸಾಲು ತೆಗೆದೆ, ಇಷ್ಟು ಉಳಿದಿದೆ ಅಂತ ಚಿಕ್ಕ ಡಬ್ಬಿಯಲ್ಲಿ ಲೆಕ್ಕ ತೋರಿಸುತ್ತದೆ. ಯಾರ ಸಾಲು ತೆಗೆದೆ ಅಂತ ಮಾತ್ರ ಹೇಳುವುದಿಲ್ಲ. ಪಂಚಾಯಿತಿ ಆಫೀಸಿನಲ್ಲಿ ಸಂಜೆ ಐದು ಗಂಟೆ ಡೆಡ್‌ಲೈನ್ ಇಟ್ಟುಕೊಂಡು ಕೂತವನಿಗೆ ಇದಕ್ಕಿಂತ ಪ್ರೀತಿಯ ಬಟನ್ ಇನ್ನೊಂದಿಲ್ಲ. ಅದನ್ನು ಒತ್ತಿದ್ದರಿಂದ ನಮ್ಮ ಗ್ರಾಮಸಭೆಯಲ್ಲಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಬೇರೆ ಪಂಚಾಯಿತಿಗಳ ಡಿಇಒಗಳು, ಅಂದರೆ ನನ್ನ ಹಾಗೆ ಡೇಟಾ ಎಂಟ್ರಿ ಮಾಡುವವರು, ಓದಿದರೆ ಒಳ್ಳೆಯದು. ಮೇಲಿನವರು ಓದಿದರೆ ಇನ್ನೂ ಒಳ್ಳೆಯದು, ಆದರೆ ಅವರು ಓದುವುದು ಪಿಪಿಟಿ ಮಾತ್ರ.

ನಾನಿರುವುದು ಶಿವಮೊಗ್ಗ ಜಿಲ್ಲೆಯಲ್ಲಿ ಮಳೆ ಜಾಸ್ತಿ ಹೊಡೆಯುವ ಕಡೆಯ ಒಂದು ಗ್ರಾಮ ಪಂಚಾಯಿತಿ. ಹುದ್ದೆ ಕ್ಲರ್ಕ್ ಕಂ ಡೇಟಾ ಎಂಟ್ರಿ ಆಪರೇಟರ್. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ್‌ಸ್ವರಾಜ್, ನರೇಗಾ ಎಂಐಎಸ್, ಸರ್ಕಾರದ ಈ ಎಲ್ಲ ಆನ್‌ಲೈನ್ ತಂತ್ರಾಂಶಕ್ಕೂ ಒಂದೇ ಕಂಪ್ಯೂಟರ್. ಸರ್ವರ್ ಇದ್ದ ದಿನ ಕರೆಂಟ್ ಇರುವುದಿಲ್ಲ. ಕರೆಂಟ್ ಬರುವ ಹೊತ್ತಿಗೆ ಡಾಂಗಲ್ಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಬ್ಯಾಗಿನೊಳಗೆ ತಾಲೂಕು ಮೀಟಿಂಗಿಗೆ ಹೋಗಿರುತ್ತದೆ. ಇದರ ಮಧ್ಯೆ ಅಕ್ಟೋಬರ್‌ನಲ್ಲಿ ಕ್ರಿಯಾಯೋಜನೆಯ (ಮುಂದೆ ಮಾಡುವ ಕಾಮಗಾರಿಗಳ ಪಟ್ಟಿಯ) ಅಭಿಯಾನ ಶುರುವಾಗುವಾಗ ಗ್ರೂಪಿಗೆ ಒಂದು ಗೂಗಲ್ ಫಾರ್ಮ್ ಲಿಂಕ್ ಬಂತು. ಹೆಸರು, ಮೊಬೈಲ್ ನಂಬರ್, ವಾರ್ಡ್, ಊರಿಗೆ ಬೇಕಾದ ಕಾಮಗಾರಿ. ಜನ ತಮ್ಮ ಫೋನಿನಲ್ಲೇ ತುಂಬಬೇಕು. ಜಾಸ್ತಿ ಮತ ಬಿದ್ದ ಕಾಮಗಾರಿ ಮೇಲೆ ಬರಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿಟ್ಟು ಅನುಮೋದನೆ ತೆಗೆದುಕೊಳ್ಳಬೇಕು. ಇಷ್ಟೇ ಸೂಚನೆ.

ಐಡಿಯಾ ಕೆಟ್ಟದ್ದೇನಲ್ಲ. ಮೊದಲು ಖುಷಿಪಟ್ಟವನೇ ನಾನು. ಗ್ರಾಮಸಭೆಗೆ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು. ಅಷ್ಟು ತಲೆ ಸೇರಿಸುವುದರಲ್ಲಿ ವಾಟರ್‌ಮನ್ ಬೈಕಿನ ಪೆಟ್ರೋಲ್ ಖಾಲಿಯಾಗುತ್ತದೆ. ಬಂದವರಲ್ಲಿ ಅರ್ಧ ಜನ ಸಹಿ ಹಾಕಿ, ಟೀ ಕುಡಿದು, ‘ಕೊಯ್ಲಿದೆ ಮಾರಾಯ’ ಅಂತ ಹೊರಟುಬಿಡುತ್ತಾರೆ. ಮಾತಾಡುವವರು ವರ್ಷವೂ ಅದೇ ನಾಲ್ಕೈದು ಜನ. ಅವರ ಕುರ್ಚಿ ಕೂಡ ಬದಲಾಗುವುದಿಲ್ಲ. ಹೆಂಗಸರು ಬಾಗಿಲ ಹತ್ತಿರ ನಿಂತು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೋಗುತ್ತಾರೆ. ಫೋನಿನಲ್ಲಾದರೆ ಅವರೂ ಹೇಳಿಯಾರು, ಮುಂದಿನ ಸಾಲಿನವರ ದರ್ಬಾರು ಸ್ವಲ್ಪ ಕಮ್ಮಿಯಾದೀತು ಅನ್ನುವುದು ನನ್ನ ಲೆಕ್ಕ.

ಆದರೆ ಮೇಲಿನವರ ಲೆಕ್ಕವೇ ಬೇರೆ. ಮೂರೇ ದಿನಕ್ಕೆ ಗ್ರೂಪಿನಲ್ಲಿ ಪಂಚಾಯಿತಿವಾರು ಪಟ್ಟಿ ಬರಲು ಶುರುವಾಯಿತು. ಯಾರದ್ದು ಎಷ್ಟು ರೆಸ್ಪಾನ್ಸ್. ಮೊದಲ ಸ್ಥಾನದವರಿಗೆ ಚಪ್ಪಾಳೆಯ ಇಮೋಜಿ, ಕೊನೆಯ ಐದು ಪಂಚಾಯಿತಿಗಳಿಗೆ ಕೆಂಪು ಬಣ್ಣ ಮತ್ತು ‘ಕಾರಣ ತಿಳಿಸಿ’. ಜನ ಏನು ಕೇಳಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ಎಷ್ಟು ಜನ ಕೇಳಿದ್ದಾರೆ ಅನ್ನುವುದಷ್ಟೇ ಬೇಕಿತ್ತು. ನಮ್ಮದು ಕೆಂಪಿನಲ್ಲಿತ್ತು. ಪಿಡಿಒ ಮೇಡಂ ಲಿಂಕನ್ನು ಊರಿನ ಎಲ್ಲ ಗ್ರೂಪುಗಳಿಗೂ ಹಾಕಿ ಅಂದರು. ದೇವಸ್ಥಾನದ ಗ್ರೂಪು, ಹಳೆ ವಿದ್ಯಾರ್ಥಿಗಳ ಗ್ರೂಪು, ಕ್ರಿಕೆಟ್ ಟೀಮಿನ ಗ್ರೂಪು, ಎಲ್ಲದಕ್ಕೂ ಹಾಕಿದೆ.

ರಾತ್ರಿ ಬೆಳಗಾಗುವುದರೊಳಗೆ ನಾವು ಹಸಿರಿಗೆ ಬಂದೆವು. ತುಂಬಿದವರು ಮುಕ್ಕಾಲುಪಾಲು ಬೆಂಗಳೂರಿನವರು. ನಮ್ಮ ಕಡೆ ಮನೆಗೊಬ್ಬರಾದರೂ ಬೆಂಗಳೂರಿನಲ್ಲಿದ್ದಾರೆ ಬಿಡಿ. ಅವರಿಗೆ ಊರಿನ ಮೇಲೆ ಪ್ರೀತಿ ಇದೆ, ಕೈಯಲ್ಲಿ ಒಳ್ಳೆಯ ಫೋನಿದೆ, ರಾತ್ರಿ ಹತ್ತು ಗಂಟೆಯ ಮೇಲೆ ಸ್ವಲ್ಪ ಪುರುಸೊತ್ತೂ ಇದೆ. ಸರ್ಕಲ್ಲಿಗೆ ಹೈಮಾಸ್ಟ್ ದೀಪ, ಊರ ಬಾಗಿಲಿಗೆ ಸ್ವಾಗತ ಕಮಾನು, ದೇವಸ್ಥಾನದ ರಸ್ತೆಗೆ ಕಾಂಕ್ರೀಟು. ಹಬ್ಬಕ್ಕೆ ಕಾರಿನಲ್ಲಿ ಬರುವವರಿಗೆ ಕಣ್ಣಿಗೆ ಬೀಳುವುದು ಅದೇ. ಹಾಗಂತ ಅವರನ್ನು ಹೊರಗಿನವರು ಅಂತ ತಳ್ಳಿಹಾಕುವ ಹಾಗೂ ಇಲ್ಲ. ಕಾನೂನಿನ ಪ್ರಕಾರ ಊರಿನ ಮತದಾರರ ಪಟ್ಟಿಯಲ್ಲಿರುವವರೆಲ್ಲ ಗ್ರಾಮಸಭೆಯ ಸದಸ್ಯರು. ಇವರಲ್ಲಿ ತುಂಬಾ ಜನರ ಓಟು ಇನ್ನೂ ಊರಿನಲ್ಲೇ ಇದೆ.

ಊರಲ್ಲೇ ಇದ್ದವರು ಕೇಳಿದ್ದರಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಮೊಬೈಲ್ ಟವರ್. ಆಮೇಲೆ ಮಂಗನ ಕಾಟ, ಬಗರ್‌ಹುಕುಂ ಹಕ್ಕುಪತ್ರ, ನಿಂತುಹೋದ ಬಸ್ಸು. ಇದರಲ್ಲಿ ಒಂದೂ ಪಂಚಾಯಿತಿ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಇದ್ದದ್ದಾದರೂ ಏನು? 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ 60 ಪರ್ಸೆಂಟ್ ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿ ಕಳಿಸುತ್ತಿದ್ದರು. ಉಳಿದ 40ರಲ್ಲಿ ನಮ್ಮ ಆಯ್ಕೆ. ನರೇಗಾದಲ್ಲಿ ಮಾಡೋಣ ಅಂದರೆ ಕೂಲಿಗೆ 60, ಸಾಮಗ್ರಿಗೆ 40ರ ಲೆಕ್ಕ ತಪ್ಪುವ ಹಾಗಿರಲಿಲ್ಲ. ಸಿಮೆಂಟು, ಕಬ್ಬಿಣ ಜಾಸ್ತಿ ಹಿಡಿಯುವ ಕೆಲಸ ಹಾಕಿದರೆ ಜೆಇ (ಜೂನಿಯರ್ ಎಂಜಿನಿಯರ್) ಮುಖ ಸಿಂಡರಿಸುತ್ತಿದ್ದರು. ಈ ಮಾತು ಫಾರ್ಮಿನಲ್ಲಿ ಒಂದು ಸಾಲೂ ಇರಲಿಲ್ಲ. ‘ಏನು ಬೇಕು’ ಅಂತ ಕೇಳಿದರೆ ಜನ ನಿಜವಾಗಿ ಬೇಕಾದ್ದನ್ನೇ ಬರೆಯುತ್ತಾರೆ, ಅಲ್ವಾ? ಕೊಡಲಾಗದ್ದನ್ನು ಬೇಡಿ ಅಂತ ಬೋರ್ಡು ಹಾಕಿ ಕರೆದವರು ನಾವು.

ಆಮೇಲೆ ಕಮಾನಿನ ಗಲಾಟೆ ಶುರುವಾಯಿತು. ಕಮಾನು ಬೇಕು ಅಂತ ಒಂದೇ ನಂಬರಿನಿಂದ ರಾತ್ರಿ ಹನ್ನೊಂದೂವರೆಯಿಂದ ಹನ್ನೆರಡರೊಳಗೆ ರಾಶಿ ಅರ್ಜಿ ಬಂದಿದ್ದವು. ಹೆಸರು ಬೇರೆ ಬೇರೆ, ಅಕ್ಷರದ ತಪ್ಪು ಮಾತ್ರ ಎಲ್ಲದರಲ್ಲೂ ಒಂದೇ. ಯಾರ ಮಗನ ಕೆಲಸ ಅಂತ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಡುವವರು ಯಾರೂ ಇರಲಿಲ್ಲ. ಮೇಡಂ ಶೀಟ್ ನೋಡಿ, “ಇದನ್ನ ಕ್ಲೀನ್ ಮಾಡಿಬಿಡಿ, ಸಭೆಯಲ್ಲಿ ಮಾನ ಹೋಗುತ್ತೆ” ಅಂದರು. ಒಬ್ಬೊಬ್ಬರ ಹೆಸರು ಹಿಡಿದು ತೆಗೆದರೆ ಜಗಳ. ಎಲ್ಲರಿಗೂ ಒಂದೇ ನಿಯಮ ಹಾಕಿದರೆ ಯಾರೂ ಕೇಳುವ ಹಾಗಿಲ್ಲ. ಒಂದು ನಂಬರ್, ಒಂದು ಮತ. ಮೊಬೈಲ್ ಕಾಲಂನಲ್ಲಿ ಎರಡನೇ ಸಲ ಬಂದ ಸಾಲಿಗೆಲ್ಲ ಕೆಂಪು ಹಾಕಿದೆ. ಪಕ್ಕದ ಷರಾ ಕಾಲಂನಲ್ಲಿ ‘ನಕಲಿ’ ಅಂತ ಒಂದು ಸಲ ಟೈಪ್ ಮಾಡಿ ಕೆಳಗಿನವರೆಗೆ ಎಳೆದೆ. ಶೀಟನ್ನು ಇನ್ನೊಂದು ಟ್ಯಾಬಿಗೆ ಕಾಪಿ ಮಾಡಿ ಆ ಬಟನ್ ಒತ್ತಿದೆ. ಹತ್ತು ನಿಮಿಷದ ಕೆಲಸ. ಬಹಳ ನ್ಯಾಯವಾಗಿ ಕೆಲಸ ಮಾಡಿದ ಸಮಾಧಾನ ಬೇರೆ.

ಕೆಂಪಾದ ಸಾಲುಗಳನ್ನು ಕೆಳಗಿನವರೆಗೆ ಓದಲಿಲ್ಲ. ಮೇಲಿನ ಕಮಾನಿನ ಗುಂಪು ನೋಡಿ, ಕೆಳಗಿನದೂ ಅಂಥದೇ ಅಂದುಕೊಂಡೆ.

ಗ್ರಾಮಸಭೆ ಸಮುದಾಯ ಭವನದಲ್ಲಿ. ಹೈಸ್ಕೂಲಿನಿಂದ ಪ್ರೊಜೆಕ್ಟರ್ ತಂದಿದ್ದೆವು. ಪರದೆ ಇರಲಿಲ್ಲ, ಗೋಡೆಗೇ ಬಿಟ್ಟೆವು. ಅಧ್ಯಕ್ಷರು, ಸದಸ್ಯರು, ನೋಡಲ್ ಅಧಿಕಾರಿಯಾಗಿ ಪಶು ಆಸ್ಪತ್ರೆಯ ಡಾಕ್ಟರು. ಎಲ್ಲೋ ಕರು ಹಾಕಲು ಒದ್ದಾಡುತ್ತಿದ್ದ ಹಸುವಿನ ಮನೆಯಿಂದ ಅವರಿಗೆ ಫೋನ್ ಮೇಲೆ ಫೋನ್ ಬರುತ್ತಿತ್ತು. ಬೇಗ ಮುಗಿಸಿ ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಪಟ್ಟಿ ಗೋಡೆಯ ಮೇಲೆ ಬಂತು. ಒಂದನೇದು ಹೈಮಾಸ್ಟು. ಎರಡನೇದು ದೇವಸ್ಥಾನದ ರಸ್ತೆ. ಇಷ್ಟು ಶುದ್ಧ ಮಾಡಿದ ಮೇಲೂ ಕಮಾನು ಮೂರನೇದು. ಮುಂದಿನ ಸಾಲಿನವರು ತಲೆಯಾಡಿಸಿದರು. ‘ಜನರೇ ಆರಿಸಿದ್ದು’ ಅಂತ ಅಧ್ಯಕ್ಷರು ಮೈಕಿನಲ್ಲಿ ಎರಡೆರಡು ಸಲ ಹೇಳಿದರು.

ಹಿಂದಿನಿಂದ ಒಬ್ಬರು ವಯಸ್ಸಾದ ಹೆಂಗಸು ಎದ್ದು ನಿಂತರು. “ಹಳ್ಳದಾಚೆ ಕೇರಿದು ಎಲ್ಲುಂಟು?”

ಸ್ಕ್ರಾಲ್ ಮಾಡಿದೆ. ಕೊನೆಯಿಂದ ಎರಡನೇದು. ಕಾಲುಸಂಕ, ಅಂದರೆ ಹಳ್ಳವನ್ನು ನಡೆದು ದಾಟುವ ಕಿರುಸೇತುವೆ. ಒಂದು ಮತ.

“ಅಮ್ಮ, ನಿಮ್ಮ ಕೇರಿಯಿಂದ ಒಂದೇ ಬಂದಿರೋದು.”

“ಒಂದಾ?” ಅಂತ ಆಕೆ ಕೂರಲೇ ಇಲ್ಲ. ಪಕ್ಕದಲ್ಲಿದ್ದ ಹುಡುಗಿ ಎದ್ದಳು. ತಾಲೂಕಿನ ಕಾಲೇಜಿನಲ್ಲಿ ಡಿಗ್ರಿ ಓದುವವಳು, ಮುಖ ಗೊತ್ತಿತ್ತು. “ಸಾರ್, ನಾನೇ ಹಾಕಿದ್ದು. 14 ಮನೆದೂ ಹಾಕಿದೀನಿ.”

ಆಗ ನನ್ನ ಬಾಯಿಂದ ಬಂದ ಮಾತು ಈಗಲೂ ಚುಚ್ಚುತ್ತದೆ. “ನೆಟ್‌ವರ್ಕ್ ಪ್ರಾಬ್ಲಮ್ಮಿಂದ ಹೋಗಿರಲಿಕ್ಕಿಲ್ಲ ಅನ್ಸುತ್ತೆ.” ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ರೇಷನ್ ಸಿಗದಿದ್ದರೂ ನೆಟ್‌ವರ್ಕು, ಪಿಂಚಣಿ ಬರದಿದ್ದರೂ ನೆಟ್‌ವರ್ಕು, ನರೇಗಾ ಹಾಜರಿ ಬೀಳದಿದ್ದರೂ ನೆಟ್‌ವರ್ಕು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿ ಕೂತಿದ್ದ ಊರುಗಳು ಇವು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಜಿಲ್ಲೆಯಲ್ಲಿ ಅಭಿಯಾನವೇ ನಡೆದಿತ್ತು. ಹಾಗಾಗಿ ಸಭೆ ಒಪ್ಪಿಕೊಂಡಿತು. ಡಾಕ್ಟರು ವಾಚ್ ನೋಡಿಕೊಂಡರು.

ಹುಡುಗಿ ಒಪ್ಪಿಕೊಳ್ಳಲಿಲ್ಲ. ಕುರ್ಚಿಗಳ ಮಧ್ಯೆ ದಾರಿ ಮಾಡಿಕೊಂಡು ಮುಂದೆ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ 100 ಪುಟದ ನೋಟ್‌ಬುಕ್ಕು. ಬುಕ್ಕಿನಲ್ಲಿ ಗೆರೆ ಎಳೆದು ಮನೆ ಯಜಮಾನರ ಹೆಸರು, ಮನೆಯಲ್ಲಿ ಎಷ್ಟು ಜನ, ಶಾಲೆಗೆ ಹೋಗುವ ಮಕ್ಕಳೆಷ್ಟು, ಏನು ಬೇಕು, ಕೊನೆಯಲ್ಲಿ ಸಹಿ. ಬರೆಯಲು ಬಾರದವರ ಹೆಬ್ಬೆಟ್ಟು, ಅದರ ಪಕ್ಕ ಪೆನ್ಸಿಲ್‌ನಲ್ಲಿ ಹೆಸರು. ಎರಡು ಪುಟದ ಅಂಚು ಮಳೆಗೆ ನೆನೆದು ಉಬ್ಬಿತ್ತು. ಕೇರಿಯಲ್ಲಿ ಸಿಗ್ನಲ್ ಇಲ್ಲ. ಹಳ್ಳ ದಾಟಿ ರಸ್ತೆಯ ತಿರುವಿಗೆ ಬಂದರೆ ಮಾತ್ರ ಎರಡು ಕಡ್ಡಿ ಸಿಗುತ್ತದೆ. ಮನೆ ಮನೆ ಕೇಳಿ ಬುಕ್ಕಿನಲ್ಲಿ ಬರೆದುಕೊಂಡು, ಆ ತಿರುವಿಗೆ ಬಂದು, ತನ್ನ ಫೋನಿನಿಂದ, ತನ್ನ ನಂಬರ್ ಹಾಕಿ, ಒಂದೊಂದಾಗಿ ಕಳಿಸಿದ್ದಳು. “ಹೋಗಿದೆ ಸಾರ್. ಪ್ರತಿ ಸಲನೂ ದಾಖಲಾಗಿದೆ ಅಂತ ಬಂತು. ಸ್ಕ್ರೀನ್‌ಶಾಟ್ ಇದೆ.”

ಅವಳು ಮೇಜಿನ ಹತ್ತಿರ ಬರುವ ಮೊದಲೇ ನನಗೆ ಹೊಳೆದುಹೋಗಿತ್ತು. ಒಂದೇ ನಂಬರ್. ಮೊದಲ ಸಾಲು ಉಳಿದಿದೆ, 13 ಹಾರಿವೆ. ಮೂಲ ಶೀಟು ಅದೇ ಫೈಲಿನಲ್ಲಿ, ಪಕ್ಕದ ಟ್ಯಾಬಿನಲ್ಲೇ ಇತ್ತು. ಪ್ರೊಜೆಕ್ಟರ್ ಆನ್ ಇದೆ. ಆ ಟ್ಯಾಬ್ ಒತ್ತಿದರೆ ಗೋಡೆಯ ತುಂಬ ಅದೇ ಬರುತ್ತದೆ. ಕೇಬಲ್ ಕಿತ್ತುಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಮೌಸ್ ಹಿಡಿದುಕೊಂಡು ಸುಮ್ನೆ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ಏನೋ ಹುಡುಕುತ್ತಿದ್ದಾನೆ ಅಂತ ಜನ ಅಂದುಕೊಂಡಿರಬೇಕು. ಅಧ್ಯಕ್ಷರು “ಆಮೇಲೆ ನೋಡಿದ್ರಾಯ್ತು, ಮುಂದಿನ ವಿಷಯ ತಗೊಳಿ” ಅಂದರು. ಆ ಮಾತು ಹಿಡಿದುಕೊಂಡು ಪಾರಾಗಬಹುದಿತ್ತು. ಮೇಡಂ ನನ್ನ ಮುಖ ನೋಡಿದರು, ಹುಡುಗಿಯ ಬುಕ್ಕು ನೋಡಿದರು. “ಮೂಲ ಶೀಟ್ ತೆಗೀರಿ” ಅಂದರು.

ತೆಗೆದೆ. ಗೋಡೆ ಕೆಂಪಾಯಿತು.

ಮೇಲೆ ಕಮಾನಿನ ಹುಡುಗನ ಸಾಲುಗಳು. ಯಾರೋ ಕಿಸಕ್ಕೆಂದು ನಕ್ಕರು. ಇನ್ನೂ ಕೆಳಗೆ ಹೋದರೆ ಹಳ್ಳದಾಚೆ ಕೇರಿ. ಒಬ್ಬೊಬ್ಬರ ಪೂರ್ತಿ ಹೆಸರು, ಮುಂದೆ ‘ಕಾಲುಸಂಕ ಬೇಕು’, ಅದರ ಮುಂದೆ ನಾನೇ ಎಳೆದುಬಿಟ್ಟಿದ್ದ ಷರಾ. ಸಮುದಾಯ ಭವನದ ಗೋಡೆಯ ಮೇಲೆ ಒಂದೊಂದು ಅಕ್ಷರ ಅಂಗೈಯಗಲ ಇತ್ತು.

“ಕೆಂಪು ಅಂದ್ರೆ ಎಂತ?” ಅಂತ ಯಾರೋ ಕೇಳಿದರು. ಉತ್ತರ ಹೇಳುವ ಕಷ್ಟ ನನಗೆ ಬರಲಿಲ್ಲ, ಓದಲು ಬರುವವರು ಓದಿದರು. ಆ ಕೇರಿಯ ಹಿರಿಯರೊಬ್ಬರು, ನಮ್ಮ ಆಫೀಸಿಗೆ ಬಂದಾಗಲೆಲ್ಲ ಕವಳ (ಎಲೆಅಡಿಕೆ) ಬೇಕಾ ಅಂತ ಕೇಳುವವರು, ಎದ್ದು ನಿಂತು ಗೋಡೆಯನ್ನೇ ನೋಡಿದರು. “ಏ ತಮ್ಮಾ, ನಾ ನಕಲಿಯಾ?” ಸಿಟ್ಟು ಇರಲಿಲ್ಲ ಅವರ ದನಿಯಲ್ಲಿ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿ. ಮುಂದಿನ ಸಾಲಿನಲ್ಲಿ ಒಬ್ಬರು ಜೋರಾಗಿ ನಕ್ಕರು. ಕೇರಿಯ ಹೆಂಗಸರು ಎದ್ದು ಹೊರಡಲು ಶುರುಮಾಡಿದರು. ಹುಡುಗಿ ಮಾತ್ರ ಮೇಜಿನ ಮುಂದೆಯೇ ನಿಂತಿದ್ದಳು, ಬುಕ್ಕು ತೆರೆದುಕೊಂಡು.

“ಒಂದೇ ನಂಬರಿಂದ ಬಂದಿತ್ತು, ಅದಕ್ಕೆ...” ಅಂದೆ.

“ಇರೋದೇ ಒಂದು ಫೋನಲ್ವಾ ಸಾರ್?” ಅಂದಳು.

ಅಲ್ಲಿಂದ ಮುಂದಿನದು ಸಭೆಯ ನಡಾವಳಿಯಲ್ಲಿ ಎರಡೇ ಸಾಲು: ‘ಪಟ್ಟಿಯನ್ನು ಮರುಪರಿಶೀಲಿಸಿ ಮುಂದಿನ ಸಭೆಯಲ್ಲಿ ಮಂಡಿಸಲು ತೀರ್ಮಾನಿಸಲಾಯಿತು.’ ಅಷ್ಟು ಬರೆಯುವ ಮೊದಲು ಆಗಿದ್ದು ಮುಕ್ಕಾಲು ಗಂಟೆಯ ಕೂಗಾಟ. ಕಮಾನಿನವರು ‘ಆನ್‌ಲೈನ್ ಅಂದ ಮೇಲೆ ಆನ್‌ಲೈನೇ’ ಅಂದರು. ಡಾಕ್ಟರು ನಡುವೆ ಎದ್ದು ಹೋದರು. ಕರು ಉಳಿಯಿತು ಅಂತ ಆಮೇಲೆ ಗೊತ್ತಾಯಿತು. ಆ ದಿನ ಸರಿಯಾಗಿ ಮುಗಿದ ಕೆಲಸ ಅದೊಂದೇ.

ಆಫೀಸಿಗೆ ವಾಪಸ್ ಬಂದು ಮೇಡಂ ಹತ್ತಿರ ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವರು ಬೈಯಲಿಲ್ಲ, “ಕ್ಲೀನ್ ಮಾಡಿ ಅಂದವಳು ನಾನೇ” ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. “14 ಸಾಲೂ ಉಳಿಸಿದ್ರೆ ಕಾಲುಸಂಕ ಮೇಲೆ ಬರ್ತಿತ್ತಾ?” ಲೆಕ್ಕ ಹಾಕಿದೆ. ಬರುತ್ತಿರಲಿಲ್ಲ. ಮನೆಯಲ್ಲಿದ್ದವರೆಲ್ಲ ಒಬ್ಬೊಬ್ಬರೂ ಮತ ಹಾಕಿದ್ದರೂ ಹೈಮಾಸ್ಟಿನ ಹತ್ತಿರ ಬರುತ್ತಿರಲಿಲ್ಲ. ಹಾಗಾದರೆ ಎಕ್ಸೆಲ್ ಬಟನ್ನಿನ ವಿಷಯ ಅರ್ಧ ಮಾತ್ರ. ಫೋನ್ ಎಷ್ಟಿವೆ ಅಂತ ಎಣಿಸಿದರೂ ಸೋಲುವುದು ಆ ಕೇರಿ, ತಲೆ ಎಷ್ಟಿವೆ ಅಂತ ಎಣಿಸಿದರೂ ಸೋಲುವುದು ಆ ಕೇರಿಯೇ. ಮಲೆನಾಡಿನಲ್ಲಿ ಊರು ಅಂದರೆ ಒಂದು ಕಡೆ ಕೂಡಿಕೊಂಡಿರುವುದಿಲ್ಲ. ಇಲ್ಲಿ ಆರು ಮನೆ, ಗುಡ್ಡ ಇಳಿದರೆ ಒಂಬತ್ತು ಮನೆ, ತೋಟದಾಚೆ ಒಂಟಿ ಮನೆ. ಬಹುಮತದ ಪಟ್ಟಿ ಮಾಡಿದರೆ ಪ್ರತಿ ವರ್ಷವೂ ಸರ್ಕಲ್ ಗೆಲ್ಲುತ್ತದೆ.

ಶರಾವತಿ ಹಿನ್ನೀರಿನ ಜನರನ್ನೇ ನೋಡಿ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನಾಚೆಯ ತುಮರಿ ಕಡೆಯವರು ಆಮೇಲೆ ದಶಕಗಟ್ಟಲೆ ಲಾಂಚ್ ನಂಬಿಕೊಂಡು ಬದುಕಿದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರ್ಜಿ, ಧರಣಿ, ಪಾದಯಾತ್ರೆ ಅಂತ ತಲೆಮಾರುಗಟ್ಟಲೆ ಕೇಳಿ ಪಡೆದದ್ದು ಅದು. ಆ ಸೇತುವೆಯನ್ನು ಜಿಲ್ಲೆಯ ಮೊಬೈಲ್ ಮತಕ್ಕೆ ಹಾಕಿದ್ದರೆ ಶಿವಮೊಗ್ಗ ಪೇಟೆಯ ಯಾವುದೋ ಒಂದು ಫ್ಲೈಓವರಿನ ಕೆಳಗೆ ಎಲ್ಲೋ ಹೂತುಹೋಗಿರುತ್ತಿತ್ತು.

ಒಂದೇ ಕಡೆಯಿಂದ ಬಂದದ್ದು ಒಂದೋ, ಹಲವೋ ಅನ್ನುವ ತಕರಾರು ನಮ್ಮ ಫಾರ್ಮಿಗಿಂತ ದೊಡ್ಡದು. 2024ರ ಜುಲೈ 31ಕ್ಕೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂತಲ್ಲ, ವಯನಾಡಿನ ಗುಡ್ಡ ಕುಸಿದ ಮಾರನೇ ದಿನ. ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. ಆಕ್ಷೇಪಣೆಗೆ 60 ದಿನ. ಅದೂ ಆಗಸ್ಟ್, ಸೆಪ್ಟೆಂಬರ್! ಮರ ಬಿದ್ದು ಕರೆಂಟ್ ಹೋದರೆ ವಾರಗಟ್ಟಲೆ ಬಾರದ ತಿಂಗಳುಗಳು. ಅಂಚೆಯಲ್ಲಾಗಲಿ ಇ-ಮೇಲ್‌ನಲ್ಲಾಗಲಿ ಕಳಿಸಬಹುದಿತ್ತು. ನಮ್ಮಲ್ಲಿ ಓಡಾಡಿದ್ದು ಯಾರೋ ಒಬ್ಬರು ಬರೆದುಕೊಟ್ಟ ಒಂದೇ ಒಕ್ಕಣೆಯ ಜೆರಾಕ್ಸು, ಹೆಸರಿನ ಜಾಗ ಮಾತ್ರ ಖಾಲಿ. ಪರವೋ ವಿರೋಧವೋ ಅದು ಬೇರೆ ಮಾತು, ನನ್ನ ಅಭಿಪ್ರಾಯ ಊರಲ್ಲಿ ಹೇಳಿದರೆ ಟೀ ಸಿಗುವುದಿಲ್ಲ. ಒಂದೇ ಒಕ್ಕಣೆಯಲ್ಲಿ 50 ಜನ ಸಹಿ ಹಾಕಿದರೆ ಅದು 50 ಮಾತೋ ಒಂದು ಮಾತೋ? ಆಗ ನಾನೂ ಒಂದೇ ಅನ್ನುತ್ತಿದ್ದೆ. ಆದರೆ ಬರೆಯಲು ಬಾರದವರು, ಸರ್ಕಾರಿ ಭಾಷೆ ಗೊತ್ತಿಲ್ಲದವರು ಬಾಯಿ ಬಿಡುವ ದಾರಿಯೇ ಅದು. ಒಬ್ಬರು ಬರೆಯುತ್ತಾರೆ, ಉಳಿದವರು ಅದರ ಕೆಳಗೆ ನಿಲ್ಲುತ್ತಾರೆ. ಹುಡುಗಿಯ ಬುಕ್ಕು ನೋಡಿದ ಮೇಲೆ ಹಾಗೆ ಅನ್ನುವುದು ಬಿಟ್ಟಿದ್ದೇನೆ.

ಆಮೇಲೊಂದು ತರಬೇತಿಗೆ ಹೋದಾಗ ಈ ಕಥೆ ಹೇಳಿದೆ. ತರಬೇತಿ ಕೊಡುತ್ತಿದ್ದವರು ನಗಲಿಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಅನ್ನುವ ನಗರದಲ್ಲಿ 1989ರಿಂದ ಜನರೇ ಬಜೆಟ್ ಮಾಡುವ ಪದ್ಧತಿ ಶುರುವಾಯಿತಂತೆ. ಅಲ್ಲಿ ಜನ ಏನನ್ನು ಮೊದಲು ಕೇಳಿದರು ಅನ್ನುವುದಕ್ಕೆ ಒಂದಿಷ್ಟು ಅಂಕ, ಆ ಪ್ರದೇಶದಲ್ಲಿ ಎಷ್ಟು ಜನರಿದ್ದಾರೆ ಅನ್ನುವುದಕ್ಕೆ ಒಂದಿಷ್ಟು, ಅಲ್ಲಿ ಆ ಸೌಕರ್ಯ ಎಷ್ಟು ಕೊರತೆಯಿದೆ ಅನ್ನುವುದಕ್ಕೆ ಇನ್ನೊಂದಿಷ್ಟು. ಬಾರ್ಸಿಲೋನಾದಲ್ಲಿ 2016ರಲ್ಲಿ ಡೆಸಿಡಿಮ್ ಅನ್ನುವ ಆನ್‌ಲೈನ್ ವೇದಿಕೆ ಮಾಡಿದಾಗ 10 ಸಾವಿರಕ್ಕೂ ಜಾಸ್ತಿ ಪ್ರಸ್ತಾವ ಬಂದವಂತೆ. ಮುಖಾಮುಖಿ ಸಭೆಗಳಲ್ಲಿ ಬಂದ ಮಾತನ್ನೂ ಅದೇ ಜಾಗಕ್ಕೆ ಏರಿಸಿದರು, ಒಪ್ಪಿದ್ದು ಯಾವುದು, ಬಿಟ್ಟದ್ದು ಯಾವುದು, ಬಿಟ್ಟದ್ದು ಯಾಕೆ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದರು. ನನಗೆ ಮತ ಎಣಿಸಿದ್ದಕ್ಕಿಂತ ಈ ‘ಯಾಕೆ’ ಇಷ್ಟವಾಯಿತು. ನಮ್ಮ ಫಾರ್ಮಿನಲ್ಲಿ ತುಂಬಿದವರಿಗೆ ವಾಪಸ್ ಹೋದದ್ದು ‘ಧನ್ಯವಾದ’ ಒಂದೇ.

ಅಷ್ಟು ದೂರ ಹೋಗುವುದೂ ಬೇಕಿರಲಿಲ್ಲ. ನಮ್ಮ ಪಂಚಾಯತ್ ರಾಜ್ ಕಾನೂನಿಗೆ 2015ರಲ್ಲಿ ತಿದ್ದುಪಡಿ ಮಾಡಿ ಜನವಸತಿ ಸಭೆ ಅಂತ ತಂದಿದ್ದಾರೆ. ಮೊದಲು ಕೇರಿಯಲ್ಲಿ ಕೂತು ಮಾತಾಡಿ, ಅದು ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ. ನಾವು ಆ ಸಭೆಯ ನಡಾವಳಿಯನ್ನು ಆಫೀಸಿನಲ್ಲೇ ಕೂತು ಬರೆಯುತ್ತಿದ್ದೆವು. ಎಲ್ಲ ಕಡೆ ಹಾಗೇ ಅಂತ ಹೇಳುವುದಿಲ್ಲ, ನಮ್ಮಲ್ಲಿ ಹಾಗಿತ್ತು. ಹುಡುಗಿ ಮಾಡಿದ್ದು ಅದನ್ನೇ. ಅವಳಿಗೆ ಕಾನೂನಿನ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಕಾಲುಸಂಕದ ಕಥೆ ಅಷ್ಟು ಸುಖದ್ದಲ್ಲ. ಎರಡನೇ ಸಭೆಯಲ್ಲಿ ಅದನ್ನು ಮೇಲಿಟ್ಟೆವು. ಜೆಇ ಬಂದು ಟೇಪ್ ಹಿಡಿದರು. ಹಳ್ಳ ನೋಡಲು ಚಿಕ್ಕದು, ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರುತ್ತದೆ ಅಂತ ಕೇರಿಯವರು ತೋರಿಸಿದ ಗುರುತು ನೋಡಿ ಅವರೇ ಸುಮ್ಮನಾದರು. ಅಂದಾಜು ಪಟ್ಟಿ ನಮ್ಮ 40 ಪರ್ಸೆಂಟಿನೊಳಗೆ ಕೂರುವಂಥದ್ದಲ್ಲ. ಪ್ರಸ್ತಾವನೆ ಮೇಲೆ ಹೋಗಿದೆ, ಮೇಲೆಯೇ ಇದೆ. ಸದ್ಯಕ್ಕೆ ಪಂಚಾಯಿತಿಯ ಸ್ವಂತ ದುಡ್ಡಿನಲ್ಲಿ ಹಳೆಯ ಮರದ ಸಂಕಕ್ಕೆ ಹೊಸ ದಿಮ್ಮಿ ಹಾಕಿಸಿ, ಒಂದು ಕಡೆಗೆ ಕಬ್ಬಿಣದ ಪೈಪಿನ ಕೈಹಿಡಿ ಕೂರಿಸಿದ್ದೇವೆ. ಹೈಮಾಸ್ಟು ಬಂತು. ಅದರ ಕರೆಂಟ್ ಬಿಲ್ಲೂ ಬಂತು.

ಈಗ ನಮ್ಮಲ್ಲಿ ಮೊದಲು ಬುಕ್ಕು, ಆಮೇಲೆ ಫೋನು. ಬಿಲ್ ಕಲೆಕ್ಟರ್ ಮತ್ತು ನಾನು ಕೇರಿಗೆ ಹೋಗಿ ಕೂರುತ್ತೇವೆ, ಸಂಜೆ ಹಾಲು ಕರೆದಾದ ಮೇಲೆ. ಹೆಂಗಸರು ಮಾತಾಡುವುದು ಆಗಲೇ. ಬರೆದದ್ದನ್ನು ನಾನು ಶೀಟಿಗೆ ಹಾಕುತ್ತೇನೆ. ನಂಬರ್ ಒಂದೇ ಇದ್ದರೆ ಪಕ್ಕದಲ್ಲಿ ಯಾರು, ಯಾರ ಪರವಾಗಿ ಕಳಿಸಿದ್ದು ಅಂತ ಒಂದು ಕಾಲಂ. ಅನುಮಾನ ಬಂದರೆ ಆ ನಂಬರಿಗೆ ಫೋನ್ ಮಾಡಿ ಕೇಳಿದರಾಯಿತು, ಎರಡು ನಿಮಿಷದ ಕೆಲಸ. ಆ ಎರಡು ನಿಮಿಷವನ್ನು ಅವತ್ತು ಕೊಟ್ಟಿರಲಿಲ್ಲ. ಫಾರ್ಮಿನ ತಲೆಯಲ್ಲೇ ಪಂಚಾಯಿತಿ ಕೈಯಲ್ಲಿ ಏನಿದೆ, ಏನಿಲ್ಲ, ಈ ವರ್ಷ ಎಷ್ಟು ದುಡ್ಡಿದೆ ಅಂತ ನಾಲ್ಕು ಸಾಲು ಹಾಕಿದ್ದೇವೆ. ಟವರ್ ಕೇಳುವವರು ಈಗಲೂ ಟವರ್ ಕೇಳುತ್ತಾರೆ. ಕೇಳಲಿ.

ಎಲ್ಲಕ್ಕಿಂತ ಜಗಳ ತಂದಿಟ್ಟದ್ದು ಕೊನೆಯ ಕಾಲಂ. ‘ಯಾಕೆ ಆಗಿಲ್ಲ’ ಅಂತ ಅದರ ಹೆಸರು. ತಿಂಗಳಿಗೊಮ್ಮೆ ಶೀಟನ್ನು ಪಿಡಿಎಫ್ ಮಾಡಿ ಎಲ್ಲ ಗ್ರೂಪಿಗೂ ಹಾಕಿ, ಒಂದು ಪ್ರಿಂಟನ್ನು ಆಫೀಸಿನ ಗೋಡೆಗೆ ಅಂಟಿಸುತ್ತೇವೆ. ಇದನ್ನು ಅತಿ ಗಮನವಿಟ್ಟು ಓದುವವರು ಯಾರು ಅಂದುಕೊಂಡಿರಿ? ಬೆಂಗಳೂರಿನವರು. ಕಮಾನಿಗೆ ಮತ ಹಾಕಿದ್ದವರಲ್ಲೇ ಒಬ್ಬರು ಈಗ ಕಾಲುಸಂಕದ ಪ್ರಸ್ತಾವನೆ ಯಾವ ಟೇಬಲ್ಲಿನಲ್ಲಿದೆ ಅಂತ ವಿಚಾರಿಸುತ್ತ ನನಗಿಂತ ಮೇಲಿನವರಿಗೆ ಫೋನ್ ಮಾಡುತ್ತಾರೆ. ಅವರು ಕೇಳಿದರೆ ಉತ್ತರ ಸಿಗುತ್ತದೆ, ನಾನು ಕೇಳಿದರೆ ‘ನೋಡೋಣ’. ದೂರದಲ್ಲಿದ್ದವರ ಕೈಗೆ ಆನ್‌ಲೈನ್ ಕೊಡಬೇಕಾದ ಕೆಲಸ ಇದು ಅಂತ ನನಗೆ ಈಗ ಅನ್ನಿಸುತ್ತದೆ. ಏನು ಬೇಕು ಅನ್ನುವುದನ್ನು ಹಳ್ಳದ ಪಕ್ಕ ಇರುವವರು ಹೇಳಲಿ, ಏನಾಯಿತು ಅಂತ ಕೇಳುವ ಕೆಲಸ ಬೆಂಗಳೂರಿನವರು ಮಾಡಲಿ.

ಸದಸ್ಯರಿಗೆ ಮಾತ್ರ ಆ ಕಾಲಂ ಕಂಡರೆ ಆಗುವುದಿಲ್ಲ. ಯಾರ ವಾರ್ಡಿಗೆ ಎಷ್ಟು ಹೋಯಿತು ಅಂತ ಪಿಡಿಎಫ್ ನೋಡಿ ಮಕ್ಕಳೂ ಹೇಳುತ್ತಾರೆ. ಒಬ್ಬರು ಆ ಕಾಲಂ ತೆಗೆದುಬಿಡಿ ಅಂದರು. ಇನ್ನೊಬ್ಬರು ತೆಗೆಯುವುದು ಬೇಡ, ಎಲ್ಲದಕ್ಕೂ ‘ಅನುದಾನ ಬಂದ ನಂತರ ಪರಿಶೀಲಿಸಲಾಗುವುದು’ ಅಂತ ಒಂದು ಸಲ ಬರೆದು ಕೆಳಗಿನವರೆಗೆ ಎಳೆದುಬಿಡಿ ಅಂದರು. ಎಕ್ಸೆಲ್ ಅವರಿಗೂ ಬರುತ್ತದೆ ಅಂತ ಆವಾಗಲೇ ನನಗೆ ಗೊತ್ತಾಗಿದ್ದು. ಮೇಡಂ ಇನ್ನೂ ಒಪ್ಪಿಲ್ಲ, ಆದರೆ ಅವರ ವರ್ಗಾವಣೆಯ ಸುದ್ದಿ ಓಡಾಡುತ್ತಿದೆ. ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಆ ಕಾಲಂ ಏಳನೇ ವಿಷಯ, ಬೀದಿದೀಪದ ಬಿಲ್ಲಿನ ನಂತರ. ಎಂಟನೇದು ಕಮಾನು.